ಮೂರ್ತಿಯವರು ಖಾಲಿ ಬಿಟ್ಟಿದ್ದ ಎರಡನೇ ಪ್ಯಾರಾ

ಹೋದ ಭಾನುವಾರ ಬೆಳಗ್ಗೆ ನಾನು ಮುಖ ನೋಡದ ಒಬ್ಬ ವಕೀಲರನ್ನು ಬಾಯಿತುಂಬ ಹೊಗಳಿ ಪೇಚಿಗೆ ಸಿಕ್ಕಿಕೊಂಡೆ.

ನಜರ್‌ಬಾದಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿರುವ ಸದಾಶಿವಮೂರ್ತಿ ಫೈಲೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. (ಹೆಸರು ಬದಲಾಯಿಸಿದ್ದೇನೆ. ಇಲಾಖೆ ಯಾವುದು ಅಂತ ಕೇಳಬೇಡಿ. ಕೇಳಿದರೂ ಪ್ರಯೋಜನವಿಲ್ಲ, ಈ ಕಥೆ ಯಾವ ಇಲಾಖೆಗೂ ಹೊಂದುತ್ತದೆ.) ಬಡ್ತಿಯಲ್ಲಿ ತಮಗೆ ಅನ್ಯಾಯವಾಗಿದೆ ಎಂದು ಅವರು ಕೇಸ್ ಹಾಕಿರುವುದು ನಮ್ಮ ಬೀದಿಗೆಲ್ಲ ಗೊತ್ತು. ಹಾಲಿನವನಿಗೂ ಗೊತ್ತು.

"ನೀವು ಪೇಪರ್‌ನೋರು. ಭಾಷೆ ಒಂಚೂರು ನೋಡ್ಬುಡಿ," ಎಂದರು.

ನೋಡಿದೆ. ಅವರು ಹಾಕಿದ್ದ ಅರ್ಜಿಗೆ ಸರ್ಕಾರದ ಕಡೆಯಿಂದ ಹೋಗಬೇಕಾದ ಉತ್ತರದ ಕರಡು ಅದು. ಅರ್ಜಿಯ ಒಂದೊಂದೇ ಪ್ಯಾರಾವನ್ನು ಎತ್ತಿಕೊಂಡು, ಒಂದೊಂದನ್ನೂ ಅಲ್ಲಲ್ಲೇ ಮಲಗಿಸಿದ್ದರು. 'ಅರ್ಜಿದಾರರು ನಿಯಮದ ಮೊದಲ ಅರ್ಧವನ್ನು ಮಾತ್ರ ಉಲ್ಲೇಖಿಸಿದ್ದಾರೆ. ಉಳಿದರ್ಧ ಹೀಗಿದೆ.' 'ಅರ್ಜಿದಾರರು ಆಗಲೇ ಆಕ್ಷೇಪಿಸಬಹುದಿತ್ತು. ಆಕ್ಷೇಪಿಸಿರುವುದಿಲ್ಲ.' ಪ್ರತಿ ಪ್ಯಾರಾದ ಕೊನೆಗೂ ಸುತ್ತಿಗೆ ಏಟಿನಂತೆ ಒಂದೇ ಪದ: 'ಅಲ್ಲಗಳೆಯಲಾಗಿದೆ.'

ಡೆಸ್ಕಿನಲ್ಲಿ ಕೂತು ಇನ್ನೊಬ್ಬರ ಕಾಪಿ ತಿದ್ದಿಯೇ ತಲೆ ನರೆಸಿಕೊಂಡವನು ನಾನು. ಕೆಂಪು ಪೆನ್ನು ಹಿಡಿದು ಕೂತರೂ ಒಂದು ಅಲ್ಪವಿರಾಮ ಹಾಕಲು ಜಾಗ ಸಿಗಲಿಲ್ಲ.

"ಮೂರ್ತಿಯವರೇ, ಬೇಜಾರು ಮಾಡ್ಕೋಬೇಡಿ," ಅಂದೆ. "ಸರ್ಕಾರದ ವಕೀಲರು ಯಾರೋ ಗಟ್ಟಿ ಕುಳ. ನಿಮ್ಮ ಕೇಸು ನಿಲ್ಲೋದು ಕಷ್ಟ."

ಮೂರ್ತಿಯವರ ಮುಖ ಬಾಡಬೇಕಿತ್ತು. ಅರಳಿತು.

"ಹೌದಾ? ಅಷ್ಟು ಚೆನ್ನಾಗಿದ್ಯಾ?"

"ಅದ್ಭುತ. ಯಾರು ಬರೆದಿದ್ದು?"

"ನಾನೇ ಕಣ್ರೀ."

ಎರಡೂ ಕಡೆಯವರನ್ನು ಮಾತಾಡಿಸದೆ ವರದಿ ಬರೆಯಬೇಡ ಎಂದು ನಮಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಎರಡೂ ಕಡೆಯವರು ಒಬ್ಬರೇ ಆಗಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಇದು ಹೇಗಾಯಿತು ಎಂದು ಮೂರ್ತಿಯವರೇ ವಿವರಿಸಿದರು. ನೌಕರನೊಬ್ಬ ಸರ್ಕಾರದ ಮೇಲೆ ಕೇಸ್ ಹಾಕಿದರೆ ಅರ್ಜಿಯ ಪ್ರತಿ ಅವನ ಕಚೇರಿಗೇ ಬರುತ್ತದೆ. ಒಂದೊಂದು ಪ್ಯಾರಾಕ್ಕೂ ಇಲಾಖೆ ಏನು ಹೇಳುತ್ತದೆ ಎಂದು ಕಚೇರಿಯವರು ಬರೆದು ಕಳಿಸಬೇಕು. ಅದಕ್ಕೆ ಆಫೀಸಿನ ಭಾಷೆಯಲ್ಲಿ 'ಪ್ಯಾರಾವೈಸ್' ಎನ್ನುತ್ತಾರೆ. ಸರ್ಕಾರಿ ವಕೀಲರು ಕೋರ್ಟಿನಲ್ಲಿ ಆಡುವ ಮಾತೆಲ್ಲ ಈ ಪ್ಯಾರಾವೈಸಿನಿಂದಲೇ ಹೊರಡುವುದು. ಇಲ್ಲಿ ಸಡಿಲವಾಗಿ ಬರೆದರೆ ಅಲ್ಲಿ ಸರ್ಕಾರ ಸೋಲುತ್ತದೆ.

ಕಡತ ಮೊದಲು ಬಂದದ್ದು ಕಚೇರಿಯ ಮ್ಯಾನೇಜರ್ ಚೆಲುವಯ್ಯನವರ ಟೇಬಲ್ಲಿಗೆ. (ಈ ಹೆಸರೂ ಬದಲಾಯಿಸಿದ್ದೇ. ಇಬ್ಬರೂ ಪೇಪರ್ ಓದುತ್ತಾರೆ.) ಚೆಲುವಯ್ಯನವರು ಅದರ ಮೇಲೆ ಹಸಿರು ಇಂಕಿನಲ್ಲಿ ಬರೆದರು: 'ಈ ಪ್ರಕರಣದಲ್ಲಿ ನಾನೇ ಪ್ರತಿವಾದಿಯಾಗಿರುವುದರಿಂದ ಕಡತ ನಿರ್ವಹಿಸುವುದು ಸೂಕ್ತವಲ್ಲ.' ಹೌದು. ಯಾರ ಬಡ್ತಿ ತಪ್ಪು ಎಂದು ಮೂರ್ತಿ ಕೇಸ್ ಹಾಕಿದ್ದಾರೋ ಅವರೇ ಮೂರ್ತಿಯವರ ಮ್ಯಾನೇಜರ್.

ಕಡತ ಅಲ್ಲಿಂದ ಸಿಬ್ಬಂದಿ ಶಾಖೆಗೆ ಇಳಿಯಿತು. ಶಾಖೆಯ ಮುಖ್ಯಸ್ಥರು ಯಾರು? ಸದಾಶಿವಮೂರ್ತಿ. ಅವರು ನೀಲಿ ಇಂಕಿನಲ್ಲಿ ಬರೆದರು: 'ನಾನೇ ಅರ್ಜಿದಾರನಾಗಿರುವುದರಿಂದ ಸೂಕ್ತವಲ್ಲ.'

ಕಡತ ಮೇಲಕ್ಕೆ ಹೋಯಿತು. ಉಪನಿರ್ದೇಶಕಿ ಮೇಡಂಗೆ ಇನ್ನೊಂದು ಜಿಲ್ಲೆಯ ಹೆಚ್ಚುವರಿ ಪ್ರಭಾರವೂ ಇದೆ. ಇಲ್ಲಿದ್ದಾಗ ಅಲ್ಲಿನ ಫೋನು, ಅಲ್ಲಿದ್ದಾಗ ಇಲ್ಲಿನ ಫೋನು. ಅವರು ಕಾರಿನಲ್ಲೇ ಕೂತು ಬರೆದರು: 'ಇಬ್ಬರೂ ಸೂಕ್ತವಲ್ಲದಿದ್ದರೆ ಮತ್ತಾರು? ಶಾಖೆಯ ಮುಖ್ಯಸ್ಥರೇ ನಿಯಮಾನುಸಾರ ಮಂಡಿಸಲಿ.'

ಮೂರ್ತಿ ಮಂಡಿಸಿದರು.

"ಅಲ್ಲ ಮೂರ್ತಿಯವರೇ, ಸುಮ್ಮನೆ ಸಡಿಲವಾಗಿ ಬರೆದು ಕಳಿಸಬಹುದಿತ್ತಲ್ಲ? ನಿಮಗೇ ಲಾಭ."

ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನೇನೋ ಅವರ ಜೇಬಿಗೆ ಕೈ ಹಾಕಿದೆ ಅನ್ನಬೇಕು.

"ನನ್ನ ಡ್ರಾಫ್ಟು ರೀ ಅದು! ಬೆಂಗಳೂರಿನ ಹೆಡ್ ಆಫೀಸಲ್ಲಿ ಯಾರನ್ನಾದ್ರೂ ಕೇಳಿ. ಮೈಸೂರಿನ ಮೂರ್ತಿ ಡ್ರಾಫ್ಟು ಅಂದ್ರೆ ಓದದೆ ಸೈನ್ ಹಾಕ್ತಾರೆ."

ಕೇಸು ಗೆಲ್ಲಬೇಕು, ಡ್ರಾಫ್ಟೂ ಗೆಲ್ಲಬೇಕು. ಇಂಥ ಸಂಕಟ ಸರ್ಕಾರಿ ಕಚೇರಿಯಲ್ಲಲ್ಲದೆ ಬೇರೆಲ್ಲಿ ಹುಟ್ಟೀತು?

ಇನ್ನು ಕೇಸಿನ ವಿಷಯ. ಈ ಬಡ್ತಿ ಮೀಸಲಾತಿ, ಜ್ಯೇಷ್ಠತೆ ಎಂದ ಕೂಡಲೇ ಓದುಗರು ಪುಟ ಮಗುಚುತ್ತಾರೆಂದು ನನಗೆ ಗೊತ್ತು. ಮಗುಚಬೇಡಿ. ನಮ್ಮೂರ ಹೆಬ್ಬಾಳದ ಫ್ಯಾಕ್ಟರಿಗಳ ಕಡೆಗೆ ಹೋಗುವ ಶಿಫ್ಟ್ ಬಸ್ಸನ್ನು ನೆನೆಸಿಕೊಳ್ಳಿ, ಸಾಕು.

ಮೊದಲ ಸ್ಟಾಪಿನಲ್ಲಿ ಹತ್ತಿದವರು ಕಂಬಿ ಹಿಡಿದು ನಿಂತಿದ್ದಾರೆ. ನಡುವೆ ಹತ್ತಿದವರೊಬ್ಬರಿಗೆ ಮೀಸಲು ಸೀಟು ಸಿಕ್ಕಿತು, ಕೂತರು. ಆಮೇಲೆ ಮೊದಲಿನವರಿಗೂ ಸೀಟು ಸಿಕ್ಕಿತು. ಈಗ ಮುಂದಿನ ಸಾಲಿನ ಸೀಟು ಖಾಲಿಯಾದರೆ ಯಾರು ಹೋಗಬೇಕು? ಮೊದಲು ಬಸ್ ಹತ್ತಿದವರೋ, ಮೊದಲು ಕೂತವರೋ? ವಿವಾದ ಇಷ್ಟೇ. ಒಮ್ಮೆ ತೀರ್ಪು ಬಂತು, ಕೂತವರಲ್ಲಿ ಎಷ್ಟೋ ಮಂದಿ ಎದ್ದು ನಿಲ್ಲಬೇಕಾಯಿತು. ಅದಕ್ಕೆ ಹಿಂಬಡ್ತಿ ಎಂದರು. ಆಮೇಲೆ ಕಾಯ್ದೆ ಬಂತು, ನಿಂತವರು ಮತ್ತೆ ಕೂತರು.

ಮೂರ್ತಿ ಮೊದಲು ಹತ್ತಿದವರು, ಅಂದರೆ ಮೊದಲು ಕೆಲಸಕ್ಕೆ ಸೇರಿದವರು. ಚೆಲುವಯ್ಯ ಮೊದಲು ಕೂತವರು, ಅಂದರೆ ಮೀಸಲಾತಿಯಲ್ಲಿ ಮೊದಲು ಬಡ್ತಿ ಪಡೆದವರು. ಕಾನೂನು ಸರಿಯೇ, ನಮ್ಮ ಕಚೇರಿಯಲ್ಲಿ ಅದನ್ನು ಜಾರಿ ಮಾಡಿದ ರೀತಿ ಸರಿಯಿಲ್ಲ ಎಂಬುದು ಮೂರ್ತಿಯವರ ವಾದ. ವಾದದಲ್ಲಿ ಹುರುಳಿದೆಯೋ ಇಲ್ಲವೋ ನ್ಯಾಯಾಧೀಶರು ಹೇಳಲಿ. (ಹುರುಳಿಲ್ಲ ಎಂದು ಮೂರ್ತಿಯವರೇ ಲಿಖಿತವಾಗಿ ಹೇಳಿಯಾಗಿದೆ.)

ಬಸ್ಸಿನ ಮಾತು ಬಂದಾಗ ನಾವೆಲ್ಲ ಒಂದು ಸಂಗತಿ ಮರೆಯುತ್ತೇವೆ. ಚೆಲುವಯ್ಯನವರಂಥವರು ಕಾದು ನಿಂತಿದ್ದ ಸ್ಟಾಪಿನಲ್ಲಿ ತಲೆಮಾರುಗಟ್ಟಲೆ ಬಸ್ಸೇ ನಿಲ್ಲಿಸುತ್ತಿರಲಿಲ್ಲ. 'ಯಾಕ್ರೀ ತಡವಾಗಿ ಹತ್ತಿದಿರಿ' ಎಂದು ಈಗ ಕೇಳುತ್ತೇವೆ.

ಅದಿರಲಿ. ಮತ್ತೆ ಫೈಲಿಗೆ ಬರೋಣ.

ಕರಡಿನಲ್ಲಿ ಎಲ್ಲ ಪ್ಯಾರಾಕ್ಕೂ ಉತ್ತರವಿತ್ತು. ಎರಡನೆಯದಕ್ಕೆ ಮಾತ್ರ ಇರಲಿಲ್ಲ. ಅಲ್ಲಿ ಬರೀ ಬಿಳಿ ಕಾಗದ.

"ಇದ್ಯಾಕೆ ಖಾಲಿ?"

ಮೂರ್ತಿ ಫ್ಯಾನಿನ ಕಡೆ ನೋಡಿದರು. "ಅದಕ್ಕೇ ಕಣ್ರೀ ನಿಮ್ಮತ್ರ ಬಂದಿದ್ದು."

ಅವರ ಅರ್ಜಿಯ ಎರಡನೇ ಪ್ಯಾರಾವನ್ನು ಅವರ ವಕೀಲರು ಬರೆದಿದ್ದರು, ವಕೀಲರು ಬರೆಯುವಂತೆಯೇ. 'ಅರ್ಜಿದಾರರು ಯಾವುದೇ ರಿಯಾಯಿತಿಯಿಲ್ಲದೆ, ಸಂಪೂರ್ಣವಾಗಿ ಸ್ವಂತ ಅರ್ಹತೆಯ ಆಧಾರದ ಮೇಲೆ ಸರ್ಕಾರಿ ಸೇವೆಗೆ ಸೇರಿದವರಾಗಿದ್ದು...' ಮೂರ್ತಿ ಓದಿದ್ದರು, ಸಹಿಯನ್ನೂ ಹಾಕಿದ್ದರು.

ಸತ್ಯ ಏನೆಂದರೆ, ಮೂರ್ತಿಯವರ ತಂದೆ ಇದೇ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಸೇವೆಯಲ್ಲಿದ್ದಾಗಲೇ ತೀರಿಕೊಂಡರು. ಆಗಿನ್ನೂ ಮೀಸೆ ಮೂಡುತ್ತಿದ್ದ ಮೂರ್ತಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಸಿಕ್ಕಿತು. ಪರೀಕ್ಷೆ ಇಲ್ಲ, ಪೈಪೋಟಿ ಇಲ್ಲ. ಇದು ಗುಟ್ಟೂ ಅಲ್ಲ, ತಪ್ಪೂ ಅಲ್ಲ. ತಾಯಿ, ಇಬ್ಬರು ತಂಗಿಯರನ್ನು ಅದೇ ಕೆಲಸ ಸಾಕಿತು. ಸರ್ಕಾರ ಮಾಡುವ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಚೆಲುವಯ್ಯ ಪರೀಕ್ಷೆ ಬರೆದು ಬಂದವರು.

"ಈಗ ಈ ಪ್ಯಾರಾಕ್ಕೆ ಏನು ಬರೀಲಿ ಹೇಳಿ," ಎಂದರು ಮೂರ್ತಿ. "'ನಿಜ' ಅಂದ್ರೆ ಸರ್ವಿಸ್ ರಿಜಿಸ್ಟರ್ ಬೇರೆ ಹೇಳುತ್ತೆ. 'ಸುಳ್ಳು' ಅಂದ್ರೆ ನನ್ನ ಕೈಯಿಂದ ನಾನೇ... ಹೌದೂ ಅನ್ನಬಾರದು, ಅಲ್ಲವೂ ಅನ್ನಬಾರದು. ಅಂಥ ಒಂದು ವಾಕ್ಯ ಕೊಡಿ. ನಿಮ್ಮ ಪೇಪರಲ್ಲಿ ದಿನಾ ಬರೀತೀರಲ್ಲ."

ಅವಮಾನವೋ ಹೊಗಳಿಕೆಯೋ ತಿಳಿಯದೆ ನಾನು ಯೋಚನೆಗೆ ಕೂತೆ. 'ಎನ್ನಲಾಗಿದೆ' ಸಾಲುತ್ತದೆಯೇ? 'ಮೂಲಗಳ ಪ್ರಕಾರ'?

ಅಷ್ಟರಲ್ಲಿ ಗೇಟಿನ ಮುಂದೆ ಸ್ಕೂಟರ್ ನಿಂತ ಸದ್ದಾಯಿತು.

"ಮೂರ್ತಿ ಸಾರ್ ಇಲ್ಲೇ ಅವ್ರಂತೆ?" ಎನ್ನುತ್ತಾ ಒಳಗೆ ಬಂದವರು ಸಾಕ್ಷಾತ್ ಪ್ರತಿವಾದಿ ಚೆಲುವಯ್ಯ. ಇಲವಾಲದ ಕಡೆಯಿಂದ ಬಂದಿದ್ದರು. ಅವರ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅವತ್ತು ಗೃಹಪ್ರವೇಶ. ಅರ್ಜಿದಾರರನ್ನು ಹಿಂದೆ ಕೂರಿಸಿಕೊಂಡು ಹೋಗುವುದು ವಾಡಿಕೆ. ಮೂರ್ತಿಯವರಿಗೆ ಗಾಡಿ ಓಡಿಸಲು ಬರುವುದಿಲ್ಲ.

ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೇಬಿನಲ್ಲಿ ಹಸಿರು ಪೆನ್ನು. ಗೆಜೆಟೆಡ್ ದರ್ಜೆಗೆ ಏರಿದವರು ಹಸಿರಿನಲ್ಲಿ ಸಹಿ ಹಾಕುತ್ತಾರೆ. ಆ ಪೆನ್ನಿಗಾಗಿಯೇ ಸರ್ಕಾರಿ ನೌಕರರು ಅರ್ಧ ಆಯುಷ್ಯ ಕಾಯುತ್ತಾರೆ ಎಂದರೆ ನಗಬೇಡಿ. ನೀವು ಕಾದಿಲ್ಲ, ಅದಕ್ಕೇ ನಗುತ್ತೀರಿ.

ನನ್ನ ಹೆಂಡತಿ ಕಾಫಿ ತಂದಿಟ್ಟು, ಇಬ್ಬರನ್ನೂ ನೋಡಿ, "ಒಂದೇ ಸ್ಕೂಟರಲ್ಲಿ ಹೋಗ್ತೀರ, ಒಂದೇ ಸ್ಕೂಟರಲ್ಲಿ ಬರ್ತೀರ. ಕೋರ್ಟಿಗೆ ಮಾತ್ರ ಯಾಕಪ್ಪ ಇಬ್ಬರು ವಕೀಲರು?" ಎಂದು ಕೇಳಿಯೇಬಿಟ್ಟಳು.

"ಕೋರ್ಟಿಗೂ ಒಂದೇ ಟ್ರೇನಲ್ಲಿ ಹೋಗದು ಕಣಮ್ಮ," ಎಂದರು ಚೆಲುವಯ್ಯ. "ಇವ್ರು ರಜಾ ಅರ್ಜಿ ಕೊಡ್ತಾರೆ, 'ಸ್ವಂತ ಕೆಲಸದ ನಿಮಿತ್ತ' ಅಂತ. ನಾನೇ ಮಂಜೂರು ಮಾಡದು. ಆಮೇಲೆ ಮೇಡಂಗೆ ನಾನೂ ಒಂದು ಕೊಡ್ತೀನಿ, 'ಸ್ವಂತ ಕೆಲಸದ ನಿಮಿತ್ತ' ಅಂತ. ಇವ್ರ ಮನೆ ಪುಳಿಯೋಗರೆ, ನಮ್ಮನೆ ವಡೆ. ಮದ್ದೂರು ದಾಟೋ ಅಷ್ಟೊತ್ತಿಗೆ ಡಬ್ಬಿ ಖಾಲಿ."

"ಕೇಸಿನ ಬಗ್ಗೆ ಮಾತಾಡಲ್ವಾ?"

"ಅಯ್ಯೋ, ಕೋರ್ಟಲ್ಲಿರೋ ವಿಷ್ಯ, ಸಬ್ ಜುಡಿಸ್ ಅಲ್ವಾ," ಎಂದು ಮೂರ್ತಿ ಗಂಭೀರವಾಗಿ ಹೇಳಿದರು.

ನಗು ಮುಗಿದ ಮೇಲೆ ನಾನು ಸುಮ್ಮನಿರಬೇಕಿತ್ತು. ಪತ್ರಕರ್ತನ ಬುದ್ಧಿ ಕೇಳಬೇಕಲ್ಲ? ಕೇಸಿನಲ್ಲಿ ಮೂರ್ತಿ ಗೆದ್ದರೆ ಏನಾಗುತ್ತದೆ ಎಂದು ಚೆಲುವಯ್ಯನವರನ್ನು ಕೇಳಿದೆ.

"ದಸರಾ ಕಳೀತಿದ್ದಂಗೆ ನನಗೆ ರಿಟೈರ್‌ಮೆಂಟು ಸಾರ್. ಅಷ್ಟರೊಳಗೆ ಆರ್ಡರ್ ಬಂದ್ರೆ ಸೂಪರಿಂಟೆಂಡೆಂಟಾಗಿ ಹಾರ ಹಾಕಿಸ್ಕೊಂಡು ಮನೆಗೆ ಹೋಗದು." ಕಾಫಿ ಆರಿಸಿಕೊಂಡರು. "ಒಂದ್ಸಲ ಆಗಿದೆ ಬುಡಿ. ಅಭ್ಯಾಸ ಇದೆ."

ಆ ಒಂದು ಸಲದ ಕಥೆಯನ್ನು ಅವರು ನಗುತ್ತಲೇ ಹೇಳಿದರು. ಹಿಂಬಡ್ತಿಯ ಆದೇಶ ಬಂದ ದಿನ ಅವರ ಟೇಬಲ್ ಮೇಲೆ ಹೆಸರಿನ ಬೋರ್ಡ್ ಇತ್ತು. ಹೆಸರು, ಕೆಳಗೆ 'ವ್ಯವಸ್ಥಾಪಕರು'. ಅದನ್ನು ಯಾರು ತೆಗೆಯಬೇಕು ಎಂಬ ಪ್ರಶ್ನೆ ಬಂತು. ತೆಗೆಯಬೇಕೆಂದು ಆದೇಶದಲ್ಲಿ ಇರಲಿಲ್ಲ. ಯಾರೂ ಮುಟ್ಟಲಿಲ್ಲ. ಎಲ್ಲರೂ ಅವತ್ತು ಬಹಳ ಶ್ರದ್ಧೆಯಿಂದ ಕೆಲಸ ಮಾಡಿದರಂತೆ, ಯಾರೂ ತಲೆ ಎತ್ತಲಿಲ್ಲವಂತೆ. ಕೊನೆಗೆ ಚೆಲುವಯ್ಯನವರೇ ಬೋರ್ಡನ್ನು ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದರು. ಮನೆಯಲ್ಲಿ ಹೆಂಡತಿ ಚೀಲ ತೊಳೆಯಲು ತೆಗೆದರೆ ಗಂಡನ ಹೆಸರು!

"ಕಾಯ್ದೆ ಬಂದ ಮೇಲೆ ವಾಪಸ್ ಕೊಟ್ಟರಲ್ಲ ಪೋಸ್ಟು?"

"ಕೊಟ್ರು. ಬೋರ್ಡ್ ಮಾತ್ರ ನಾನು ಇಟ್ಕೊಳ್ಳಿಲ್ಲ. ಇಡದು ಯಾಕೆ, ಮತ್ತೆ ತೆಗಿಯದು ಯಾಕೆ? ಬರೋರಿಗೆಲ್ಲ ನಾನ್ಯಾರು ಅಂತ ಗೊತ್ತು."

ಮೂರ್ತಿ ಆ ದಿನ ಎದುರಿನ ಟೇಬಲ್ಲಿನಲ್ಲೇ ಕೂತಿದ್ದವರು.

ಈಗ ಚೆಲುವಯ್ಯನವರ ಕಣ್ಣು ಫೈಲಿನ ಮೇಲೆ ಬಿತ್ತು. ಪ್ರತಿವಾದಿ ಅದನ್ನು ನೋಡಬಾರದು. ನಾನಂತೂ ನೋಡಲೇಬಾರದು. ಆದರೆ ಭಾನುವಾರ, ಕಾಫಿ, ಮೈಸೂರು. ಅವರು ಓದಿದರು. ಪುಟ ತಿರುಗಿಸುತ್ತಾ "ಆಹಾ" ಎಂದರು. "ಮೂರ್ತಿ ಸಾರ್, ಎಂಗೆ ಬರ್ದಿದೀರಿ! ನಿಮ್ಮನ್ನ ನೀವೇ ಎತ್ತಿ ಎತ್ತಿ ಒಗೆದಿದೀರಲ್ಲ!"

"ಸುಮ್ನೆ ಓದ್ರೀ," ಎಂದರು ಮೂರ್ತಿ. ಕಿವಿಯವರೆಗೂ ಸಂತೋಷ.

ಎರಡನೇ ಪ್ಯಾರಾಕ್ಕೆ ಬಂದು ಚೆಲುವಯ್ಯ ನಿಂತರು. ಅರ್ಜಿಯನ್ನೂ ಕರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಖಾಲಿ ಜಾಗ ಯಾಕೆ ಖಾಲಿ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇದಕ್ಕೆ 'ಷರಾ ಅಗತ್ಯವಿಲ್ಲ' ಅಂತ ಬರ್ದುಬುಡಿ," ಎಂದರು.

"ಹಂಗೆಲ್ಲ ಬರಿಯಕ್ಕಾಗಲ್ಲ. ರೆಕಾರ್ಡಲ್ಲಿ ಇದೆ."

"ಇರ್ಲಿ ಬುಡಿ ಸಾರ್. ಯಾರು ನೋಡ್ತಾರೆ?" ಚೆಲುವಯ್ಯ ಫೈಲು ಮುಚ್ಚಿದರು. ಮುಖದಲ್ಲಿ ನಗು ಇತ್ತು, ದನಿ ಮಾತ್ರ ಸ್ವಲ್ಪ ಕೆಳಗಿಳಿದಿತ್ತು. "ನಾನು ಹುಟ್ಟಿದ್ದನ್ನ ನೀವು ಕೋರ್ಟಿಗೆ ತಗೊಂಡೋಗಿದೀರ. ನಿಮ್ಮ ತಂದೆ ಸತ್ತಿದ್ದನ್ನ ನಾನು ತಗೊಂಡೋಗಲ್ಲ."

"ಬನ್ನಿ, ಹೊತ್ತಾಯ್ತು. ಪಾಯಸ ಮುಗಿದೋಗುತ್ತೆ," ಎಂದು ಅವರೇ ಎದ್ದು ಸ್ಕೂಟರ್ ಚಾಲೂ ಮಾಡಲು ಹೊರಟರು.

ಮೂರ್ತಿ ಏಳಲಿಲ್ಲ. ನನ್ನ ಕೈಯಲ್ಲಿದ್ದ ಪೆನ್ನು ಕಿತ್ತುಕೊಂಡರು. (ಕೆಂಪು ಪೆನ್ನು. ಸರ್ಕಾರಿ ಕಡತದಲ್ಲಿ ಅದಕ್ಕೂ ಏನೋ ಅರ್ಥ ಇರಬೇಕು.) ಹೊರಗೆ ಹಾರನ್ ಆಯಿತು. ಇವರು ಬರೆಯುತ್ತಲೇ ಇದ್ದರು. ಬರೆದು ಮುಗಿಸಿ, ಅಭ್ಯಾಸಬಲದಿಂದ ನನ್ನ ಕಡೆ ತಿರುಗಿಸಿ, "ಭಾಷೆ ನೋಡಿ," ಎಂದರು.

'ಅರ್ಜಿದಾರರ ತಂದೆಯವರು ಸೇವೆಯಲ್ಲಿದ್ದಾಗ ನಿಧನರಾದ ಪ್ರಯುಕ್ತ, ಅರ್ಜಿದಾರರನ್ನು ಅನುಕಂಪದ ಆಧಾರದ ಮೇಲೆ ನೇಮಿಸಿಕೊಳ್ಳಲಾಗಿರುತ್ತದೆ. ಅವರು ಯಾವುದೇ ಸ್ಪರ್ಧಾತ್ಮಕ ಪರೀಕ್ಷೆಗೆ ಹಾಜರಾಗಿರುವುದಿಲ್ಲ. ಪ್ರತಿವಾದಿಯವರು ಹಾಜರಾಗಿ ತೇರ್ಗಡೆಯಾಗಿರುತ್ತಾರೆ. ಆದ್ದರಿಂದ ಈ ಪ್ಯಾರಾವನ್ನು ಅಲ್ಲಗಳೆಯಲಾಗಿದೆ.'

ತಿದ್ದಲು ಏನೂ ಇರಲಿಲ್ಲ.

ಅವರು ಹೋದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಮಗೆ ಸಿಕ್ಕಿದ್ದಕ್ಕೆಲ್ಲ ಒಂದು ಕಾರಣ ಇರುತ್ತದೆ. ಇನ್ನೊಬ್ಬರಿಗೆ ಸಿಕ್ಕಿದ್ದಕ್ಕೆಲ್ಲ ಒಂದು ಕೋಟಾ ಇರುತ್ತದೆ. ಅಪ್ಪನ ಅಂಗಡಿಯಲ್ಲಿ ಕೂತ ಮಗ 'ಬಿಸಿನೆಸ್ ನೋಡ್ಕೋತಾನೆ'. ಮಾವನ ಶಿಫಾರಸಿನಲ್ಲಿ ಕೆಲಸ ಸಿಕ್ಕ ಅಳಿಯ 'ಸೆಟ್ಲ್ ಆಗಿದಾನೆ'. ಮಠದ ಶಾಲೆಯಲ್ಲಿ ಸೀಟು ಬೇಕೆಂದರೆ ಸ್ವಾಮಿಗಳಿಗೆ ಪರಿಚಯದವರ ಫೋನ್ ನಂಬರು ಹುಡುಕುತ್ತೇವೆ, ಅದಕ್ಕೆ 'ಒಂದು ಮಾತು ಹೇಳ್ಸೋದು' ಎನ್ನುತ್ತೇವೆ. ಇವುಗಳಿಗೆ ಮೀಸಲಾತಿಗಿರುವಂಥ ಸರದಿ ಪಟ್ಟಿ, ರೋಸ್ಟರು, ಯಾವುದೂ ಇಲ್ಲ, ಆದ್ದರಿಂದ ಯಾರೂ ಕೇಸ್ ಹಾಕುವುದಿಲ್ಲ. ಸರ್ಕಾರ ಹಾಳೆಯ ಮೇಲೆ ಬರೆದು, ನಂಬರು ಹಾಕಿ, ಎಲ್ಲರಿಗೂ ಕಾಣುವಂತೆ ಕೊಟ್ಟದ್ದು ಮಾತ್ರ ನಮ್ಮ ಕಣ್ಣು ಕುಕ್ಕುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಗುರುವಾರ ಸಂಜೆ ಮೂರ್ತಿ ಮತ್ತೆ ಗೇಟಿನ ಹತ್ತಿರ ಸಿಕ್ಕರು.

ಕರಡು ಸೋಮವಾರವೇ ಮೇಡಂ ಟೇಬಲ್ಲಿಗೆ ಹೋಯಿತಂತೆ. ಮಾರನೆಯ ದಿನ ವಾಪಸ್ ಬಂತಂತೆ. ಉಳಿದದ್ದಕ್ಕೆಲ್ಲ ಒಪ್ಪಿಗೆ. ಎರಡನೇ ಪ್ಯಾರಾದ ಪಕ್ಕದಲ್ಲಿ ಮಾತ್ರ ಮೇಡಂ ಬರೆದಿದ್ದರು: 'ಈ ಒಕ್ಕಣೆ ಅರ್ಜಿದಾರರ ಮನಸ್ಸಿಗೆ ನೋವುಂಟುಮಾಡುವಂತಿದೆ. ಕೈಬಿಡಬಹುದೇ? ಸಂಬಂಧಪಟ್ಟವರೊಂದಿಗೆ ಚರ್ಚಿಸಿ ಮಂಡಿಸಿ.'

"ಅಯ್ಯೋ! ನೀವೇನು ಬರೆದ್ರಿ?"

"ಇನ್ನೇನು ಬರೀಲಿ? 'ಅರ್ಜಿದಾರರೊಂದಿಗೆ ಚರ್ಚಿಸಲಾಗಿದೆ. ಅವರ ಆಕ್ಷೇಪಣೆ ಇರುವುದಿಲ್ಲ. ಹಾಗೆಯೇ ಉಳಿಸಿಕೊಳ್ಳಬಹುದು' ಅಂತ ಬರ್ದೆ. ನಿನ್ನೆ ಬೆಂಗಳೂರಿಗೆ ಹೋಯ್ತು."

ನನಗೆ ಅವರ ಮೇಲೆ ಒಮ್ಮೆಲೇ ಬಹಳ ಪ್ರೀತಿ ಬಂತು. ಆ ಪ್ರೀತಿಯಲ್ಲೇ ಕೇಳಿದೆ.

"ಮೂರ್ತಿಯವರೇ, ಇಷ್ಟೆಲ್ಲ ಒಪ್ಪಿಕೊಂಡ ಮೇಲೆ ಆ ಕೇಸನ್ನೇ ವಾಪಸ್ ತಗೊಂಡುಬಿಡಬಹುದಲ್ಲ? ಚೆಲುವಯ್ಯನವರು ಹಸಿರು ಪೆನ್ನಿಟ್ಟುಕೊಂಡೇ ರಿಟೈರ್ ಆಗಲಿ."

ಮೂರ್ತಿ ನನ್ನನ್ನು ಕನಿಕರದಿಂದ ನೋಡಿದರು. ಇಷ್ಟು ವರ್ಷ ಪೇಪರಿನಲ್ಲಿದ್ದೂ ಆಡಳಿತ ಅರ್ಥವಾಗದ ಮನುಷ್ಯ ಎಂಬ ಕನಿಕರ.

"ಅದು ಬೇರೆ ಫೈಲು ಕಣ್ರೀ."